ಪುಟ್ಟ ಮಕ್ಕಳ ಜೊತೆ ವಂಡರ್‌ಲಾ: ಮೊದಲು ಟೇಪು, ಆಮೇಲೆ ಟಿಕೆಟ್ಟು

ರಜೆ ಬಂತೆಂದರೆ ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ ಒಂದೇ ಬೇಡಿಕೆ: ವಂಡರ್‌ಲಾಗೆ ಯಾವಾಗ? ಹನ್ನೆರಡು ದಾಟಿದ ಮಕ್ಕಳಾದರೆ ಯೋಚನೆಯೇ ಬೇಡ, ಗೇಟಿನೊಳಗೆ ಬಿಟ್ಟರೆ ಸಾಕು. ಎರಡರಿಂದ ಆರು ವರ್ಷದವರಿದ್ದರೆ ಲೆಕ್ಕವೇ ಬೇರೆ. ಆ ವಯಸ್ಸಿಗೆ ಹಸಿವು, ನಿದ್ದೆ, ಬಾತ್‌ರೂಮು ಇವೆಲ್ಲ ರೋಲರ್ ಕೋಸ್ಟರ್‌ಗಿಂತ ದೊಡ್ಡ ವಿಷಯ. ಮಗುವಿನ ಎತ್ತರ ನೋಡಿ ರೈಡ್ ಆರಿಸಿ, ಮಗುವಿನ ಊಟ-ನಿದ್ದೆಯ ಹೊತ್ತು ನೋಡಿ ದಿನ ಹೊಂದಿಸಿ. ಅದು ಬಿಟ್ಟು ‘ಇಷ್ಟು ದುಡ್ಡು ಕೊಟ್ಟಿದ್ದೀವಿ, ಎಲ್ಲ ರೈಡೂ ಹತ್ತಲೇಬೇಕು’ ಎಂದು ಹೊರಟರೆ ಮಧ್ಯಾಹ್ನ ಮೂರರ ಹೊತ್ತಿಗೆ ಮಗು ಅಳುತ್ತಿರುತ್ತದೆ, ಅಪ್ಪ-ಅಮ್ಮ ಜಗಳಕ್ಕೆ ನಿಂತಿರುತ್ತಾರೆ.

1. ಮನೆಯಲ್ಲೇ ಎತ್ತರ ಅಳೆಯಿರಿ

ಥೀಮ್ ಪಾರ್ಕಿನಲ್ಲಿ ವಯಸ್ಸಿಗಿಂತ ಎತ್ತರಕ್ಕೇ ಬೆಲೆ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಚಿಕ್ಕ ಮಗುವಿಗೆ ಟಿಕೆಟ್ ಬೇಕಿಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದನ್ನು ದಾಟಿದರೆ ದೊಡ್ಡವರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಪ್ರಕಾರ ಮಕ್ಕಳ ಸರಾಸರಿ ಎತ್ತರ ಎರಡು ವರ್ಷಕ್ಕೆ ಸುಮಾರು 87 ಸೆಂ.ಮೀ., ಐದಕ್ಕೆ 110, ಹತ್ತಕ್ಕೆ 138. ಅಂದರೆ ಎರಡು ತುಂಬಿದ ಮಗುವಿಗೆ ಹೆಚ್ಚಾಗಿ ಟಿಕೆಟ್ ಬೀಳುತ್ತದೆ. ಆದರೆ 140 ಸೆಂ.ಮೀ. ಕೇಳುವ ದೊಡ್ಡ ರೈಡ್‌ಗಳು ಐದು ವರ್ಷದವರಿಗೂ ದೂರದ ಮಾತು.

ಚಪ್ಪಲಿ ಬಿಚ್ಚಿಸಿ, ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆ ಮೇಲೆ ಪುಸ್ತಕ ಅಡ್ಡ ಇಟ್ಟು ಗುರುತು ಹಾಕಿ ಅಳೆಯಿರಿ. ಆಮೇಲೆ ಪಾರ್ಕಿನ ವೆಬ್‌ಸೈಟ್ ತೆರೆದು ಯಾವ ರೈಡ್‌ಗೆ ಎಷ್ಟು ಎತ್ತರ ಬೇಕು ಅಂತ ನೋಡಿ. ಸಿಗುವ ರೈಡ್‌ಗಳ ಚಿತ್ರ ಮಾತ್ರ ಮಗುವಿಗೆ ತೋರಿಸಿ. ಅಣ್ಣನಿಗೆ ಸಿಕ್ಕಿದ್ದು ತಮ್ಮನಿಗೆ ಸಿಗುವುದಿಲ್ಲ ಎನ್ನುವುದನ್ನೂ ಮನೆಯಲ್ಲೇ ಹೇಳಿ. ಅರ್ಧ ಗಂಟೆ ಕ್ಯೂ ನಿಂತ ಮೇಲೆ ಹೇಳಿದರೆ ಆ ಅಳು ಸುಲಭಕ್ಕೆ ನಿಲ್ಲುವುದಿಲ್ಲ. ‘ಎರಡು ಇಂಚು ತಾನೇ, ಬಿಡಿ ಸಾರ್’ ಅಂತ ಆಪರೇಟರ್ ಹತ್ತಿರ ಗೋಗರೆಯುವುದು ಬೇಡ. ಸೀಟಿನ ಲಾಕು ಒಂದು ಅಳತೆಯ ಮೈಗೆ ಮಾಡಿದ್ದು. ಅದಕ್ಕಿಂತ ಚಿಕ್ಕ ಮೈ ಕೆಳಗಿನಿಂದ ಜಾರಬಹುದು.

ಮನೆಯಲ್ಲಿರುವ ಒಂದೇ ಮಗುವಿಗೆ ಇನ್ನೂ ಎರಡೂವರೆ ತುಂಬಿಲ್ಲವೇ? ನನ್ನ ಮಾತು ಕೇಳುವುದಾದರೆ ಈ ವರ್ಷ ಬಿಟ್ಟುಬಿಡಿ. ಕಬ್ಬನ್ ಪಾರ್ಕಿನ ಬಾಲಭವನ ಸಾಕು. ಮೈಸೂರಿನವರಾದರೆ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿನಲ್ಲಿ ಶುರು ಮಾಡಬಹುದು. ಮನೆಗೆ ಹತ್ತಿರ, ಮಗು ಸುಸ್ತಾದರೆ ಬೇಗ ವಾಪಸ್ ಬರಬಹುದು.

2. ದಿನ ನೋಡಿ, ಟಿಕೆಟ್ ತೆಗೆಯಿರಿ

ಭಾನುವಾರ ಬೇಡ. ಏಪ್ರಿಲ್-ಮೇ ರಜೆ, ದಸರಾ ರಜೆ, ಕ್ರಿಸ್‌ಮಸ್ ವಾರ ಇವೂ ಜನಜಾತ್ರೆ. ಹಾಗಾದರೆ ಡಿಸೆಂಬರಿನ ಬುಧವಾರ ಖಾಲಿ ಇರುತ್ತದೆ ಅಂದುಕೊಂಡಿರಾ? ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುವುದೇ ಆಗ. ಇನ್ನೂ ಶಾಲೆಗೆ ಸೇರದ ಮಗುವಿದ್ದರೆ ನಿಮಗೊಂದು ಅನುಕೂಲ ಇದೆ: ಶಾಲೆಗಳು ಜೋರಾಗಿ ನಡೆಯುವ ಜುಲೈ, ಆಗಸ್ಟ್, ಫೆಬ್ರವರಿಯ ವಾರದ ಮಧ್ಯದ ದಿನಗಳು. ಮಳೆಗಾಲದಲ್ಲಿ ತುಂತುರು ಬಂದರೂ ನೀರಾಟಕ್ಕೆ ಅಡ್ಡಿಯಿಲ್ಲ, ಮಗುವಿಗೆ ಚಳಿಯಾಗದಂತೆ ನೋಡಿಕೊಂಡರಾಯಿತು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಗುಡುಗು-ಸಿಡಿಲು ಹಾಗಲ್ಲ. ಅದು ಬಂದರೆ ಹೊರಗಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ.

ಆನ್‌ಲೈನ್‌ನಲ್ಲಿ ಮುಂಚೆ ಬುಕ್ ಮಾಡಿದರೆ ರಿಯಾಯಿತಿ ಸಿಗುತ್ತದೆ. ಕ್ಯೂ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಪುಟ್ಟ ಮಕ್ಕಳ ಮನೆಯವರಿಗೆ ಸುಮ್ನೆ ಖರ್ಚು. ಉದ್ದ ಸಾಲು ಇರುವುದು ದೊಡ್ಡ ರೈಡ್‌ಗಳಿಗೆ. ಅಲ್ಲಿಗೆ ನಿಮ್ಮ ಮಗು ಹೋಗುವುದೇ ಇಲ್ಲವಲ್ಲ.

3. ಬ್ಯಾಗಿನಲ್ಲಿ ಏನಿರಬೇಕು

ಹೆಚ್ಚು ಜನ ಸಿಕ್ಕಿಬೀಳುವುದು ಬಟ್ಟೆಯಲ್ಲಿ. ನೀರಿಗೆ ಇಳಿಯಲು ನೈಲಾನ್ ಅಥವಾ ಲೈಕ್ರಾ ಬಟ್ಟೆ ಬೇಕು. ಕಾಟನ್ ಚೂಡಿದಾರ್, ಬನಿಯನ್, ಬರ್ಮುಡಾ ನಡೆಯುವುದಿಲ್ಲ. ಕಾಟನ್‌ನ ನೂಲು ಬಿಟ್ಟು ನೀರಿನ ಫಿಲ್ಟರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಜೊತೆಗೆ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಒಳಗಿನ ಅಂಗಡಿಯಲ್ಲಿ ಸಿಗುವುದನ್ನೇ ಕೊಳ್ಳುವ ಬದಲು ನಿಮ್ಮೂರಿನ ಸ್ಪೋರ್ಟ್ಸ್ ಅಂಗಡಿಯಲ್ಲಿ ಮೊದಲೇ ನೋಡಿ. ಮಕ್ಕಳಿಗೆ ತುಂಬು ತೋಳಿನದ್ದಾದರೆ ಬಿಸಿಲಿಗೂ ಆಯಿತು, ಚಳಿಗೂ ಆಯಿತು.

ಡೈಪರ್ ಹಾಕುವ ಮಗುವಿಗೆ ಸ್ವಿಮ್ ಡೈಪರ್ ಬೇಕು. ಮಾಮೂಲಿ ಡೈಪರ್ ನೀರು ಕುಡಿದು ಊದಿಕೊಳ್ಳುತ್ತದೆ. ಸ್ವಿಮ್ ಡೈಪರ್ ಕಕ್ಕವನ್ನಷ್ಟೇ ತಡೆಯುತ್ತದೆ, ಉಚ್ಚೆಯನ್ನಲ್ಲ. ಹಾಗಾಗಿ ನೀರಿಗೆ ಇಳಿಸುವ ಹೊತ್ತಿಗೆ ಹಾಕಿ. ಮಗುವಿಗೆ ಬೇಧಿಯಾಗಿದ್ದರೆ ಪ್ರವಾಸವನ್ನೇ ಮುಂದಕ್ಕೆ ಹಾಕಿ. ಬೇಧಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣು ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ಒಂದು ಮಗುವಿನಿಂದ ಇಡೀ ಕೊಳದ ಮಕ್ಕಳಿಗೆ ಹಬ್ಬಬಹುದು.

ಉಳಿದದ್ದು: ಎರಡು ಜೊತೆ ಒಣ ಬಟ್ಟೆ, ದಪ್ಪ ಟವೆಲ್, ಟೋಪಿ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರು, ಒಆರ್‌ಎಸ್ ಪುಡಿ. ಒಆರ್‌ಎಸ್ ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಒಂದು ಲೋಟಕ್ಕೆ ಅಂದಾಜಿನಲ್ಲಿ ಉದುರಿಸಬೇಡಿ, ಉಪ್ಪು ಜಾಸ್ತಿಯಾಗುತ್ತದೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಅಜ್ಜಿ ಕಟ್ಟಿಕೊಟ್ಟ ಪುಳಿಯೋಗರೆ ಕಾರಿನಲ್ಲೇ ಉಳಿಯಲಿ. ಮಗುವಿನ ರಾಗಿ ಸರಿ, ಹಾಲಿನ ಪುಡಿಯ ವಿಷಯ ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿಕೊಳ್ಳಿ.

4. ಹೋಗುವ ದಾರಿ

ಪಾರ್ಕ್ ಇರುವುದು ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರ, ಮೈಸೂರು ರಸ್ತೆಯಲ್ಲಿ, ಬಿಡದಿಗಿಂತ ಸ್ವಲ್ಪ ಮೊದಲು. ಕಾರಿದ್ದರೆ ಎಕ್ಸ್‌ಪ್ರೆಸ್‌ವೇಯ ನಡುವಿನ ರಸ್ತೆಯಲ್ಲಿ ಮೈಮರೆಯಬೇಡಿ. ಇಳಿಯುವ ಜಾಗ ತಪ್ಪಿದರೆ ಮುಂದೆ ಹೋಗಿ ತಿರುಗಿ ಬರಬೇಕು. ಬಸ್ಸಿನವರು ನೇರಳೆ ಮೆಟ್ರೊದಲ್ಲಿ ಕೆಂಗೇರಿ ಬಸ್ ಟರ್ಮಿನಲ್‌ವರೆಗೆ ಬಂದು, ಅಲ್ಲಿಂದ ಬಿಡದಿ ಕಡೆಯ ಬಸ್ಸು ಹಿಡಿಯಬಹುದು. ಮೈಸೂರಿನಿಂದ ಬರುವವರು ನಾನ್‌ಸ್ಟಾಪ್ ಬಸ್ಸು ಹತ್ತಬೇಡಿ, ಅದು ಬೆಂಗಳೂರಿಗೇ ಹೋಗಿ ನಿಲ್ಲುತ್ತದೆ.

ಗೇಟು ತೆರೆಯುವುದು ಬೆಳಗ್ಗೆ 11ರ ಹೊತ್ತಿಗೆ. ಅಷ್ಟರೊಳಗೆ ಮಗುವಿನ ಹೊಟ್ಟೆ ತುಂಬಿರಬೇಕು. ನಾಲ್ಕೈದು ಕಿ.ಮೀ. ಮುಂದೆ ಹೋದರೆ ಬಿಡದಿಯ ತಟ್ಟೆ ಇಡ್ಲಿ ಇದೆ. ಬಿಸಿ ಇಡ್ಲಿ ಮೇಲೆ ಬೆಣ್ಣೆ ಹಾಕಿಸಿಕೊಂಡು, ಚಟ್ನಿಯ ಖಾರ ಬದಿಗಿಟ್ಟು ತಿನ್ನಿಸಿದರೆ ಎರಡು ಗಂಟೆ ಚಿಂತೆಯಿಲ್ಲ.

5. ಒಳಗೆ ಹೋದ ಮೇಲೆ

ನೀರಿನ ರೈಡ್‌ಗಳು ಸ್ವಲ್ಪ ತಡವಾಗಿ ಶುರುವಾಗುತ್ತವೆ. ಆದ್ದರಿಂದ ಮೊದಲು ಮಕ್ಕಳ ವಿಭಾಗ. ಸುತ್ತುವ ಕುದುರೆ, ಪುಟಾಣಿ ರೈಲು ಇಂಥವು. ಒಂದೇ ಕುದುರೆಯ ಮೇಲೆ ಐದು ಸಲ ಕೂರುತ್ತೇನೆ ಎಂದರೆ ಕೂರಲಿ ಬಿಡಿ. ಅದರ ಖುಷಿ ಅದಕ್ಕೆ. ದೊಡ್ಡವರಿಗೂ ಆಸೆ ಇರುತ್ತದೆ, ಅಲ್ವಾ? ಒಬ್ಬರು ರೀಕಾಯಿಲ್ ಎಂಬ ರೋಲರ್ ಕೋಸ್ಟರ್ ಹತ್ತಿ ತಲೆಕೆಳಗಾಗಿ ಬರಲಿ, ಇನ್ನೊಬ್ಬರು ಮಗುವಿನ ಜೊತೆ ಇರಲಿ. ಆಮೇಲೆ ಅದಲುಬದಲು. ಯಾರ ಸರದಿ ಯಾವಾಗ ಎಂದು ಮೊದಲೇ ಮಾತಾಡಿಕೊಳ್ಳಿ. ಮೂರು ಗಂಟೆ ಮಗು ಹೊತ್ತವರಿಗೆ ಆಮೇಲೆ ‘ಅಯ್ಯೋ, ಟೈಮ್ ಆಯ್ತು’ ಎನ್ನುವುದು ನ್ಯಾಯವಲ್ಲ.

ಗೇಟಿನ ಬಳಿಯೇ ಮಗುವಿನ ಅವತ್ತಿನ ಬಟ್ಟೆ ಕಾಣುವಂತೆ ಒಂದು ಫೋಟೊ ತೆಗೆದಿಡಿ. ಬಟ್ಟೆ ಬದಲಿಸಿದ ಮೇಲೆ ಇನ್ನೊಂದು. ತಪ್ಪಿಸಿಕೊಂಡರೆ ‘ಕೆಂಪು ಅಂಗಿ ಇರಬೇಕು ಅನ್ಸುತ್ತೆ’ ಎನ್ನುವುದಕ್ಕಿಂತ ಫೋಟೊ ಮೇಲು. ಮುಂಗೈ ಮೇಲೆ ನಿಮ್ಮ ಮೊಬೈಲ್ ನಂಬರನ್ನು ನೀರಿಗೆ ಅಳಿಯದ ಮಾರ್ಕರ್‌ನಲ್ಲಿ ಬರೆಯಿರಿ.

ಊಟಕ್ಕೆ ಒಂದು ಗಂಟೆಗೆ ಕಾಯಬೇಡಿ. ಹನ್ನೆರಡಕ್ಕೇ ಕೂತರೆ ಜಾಗವೂ ಸಿಗುತ್ತದೆ, ಮೊಸರನ್ನವೂ ಇಳಿಯುತ್ತದೆ. ಆಮೇಲೆ ನಿದ್ದೆ. ನೆರಳಿನ ಬೆಂಚು, ಮಡಿಲು, ಇಲ್ಲವೇ ತಳ್ಳುವ ಗಾಡಿ. ಬಿಸಿಲು ಚುರುಕಾಗಿರುವ ಹೊತ್ತು ನಿದ್ದೆಯಲ್ಲಿ ಕಳೆದರೆ ಏನೂ ನಷ್ಟವಿಲ್ಲ.

6. ನೀರಿನಲ್ಲಿ ಒಬ್ಬರು ಕಾವಲು

ಇಡೀ ದಿನದಲ್ಲಿ ನಿಜವಾಗಿ ಹೆದರಬೇಕಾದ ಜಾಗ ಇದೊಂದೇ. ಎಂಟು ಜನ ದೊಡ್ಡವರು ಹೋದರೆ ಮಗು ಹೆಚ್ಚು ಸುರಕ್ಷಿತ ಅಂತ ನಮಗೆ ಅನಿಸುತ್ತದೆ. ಆಗುವುದು ಉಲ್ಟಾ. ಚಿಕ್ಕಮ್ಮ ನೋಡ್ತಿದ್ದಾಳೆ ಅಂತ ಅಪ್ಪ, ಅಪ್ಪ ನೋಡ್ತಿದ್ದಾರೆ ಅಂತ ಚಿಕ್ಕಮ್ಮ. ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಆದ್ದರಿಂದ ಹೆಸರು ಹಿಡಿದು ಒಬ್ಬರಿಗೆ ಕೆಲಸ ವಹಿಸಿ. ಅವರ ಕೈಯಲ್ಲಿ ಮೊಬೈಲ್ ಇರಬಾರದು. ಅರ್ಧ ಗಂಟೆಗೊಮ್ಮೆ ಆಳು ಬದಲಾಗಲಿ. ಬದಲಾಗುವಾಗ ‘ಇನ್ನು ನಾನು ನೋಡ್ತೀನಿ’ ಎಂದು ಬಾಯಿಬಿಟ್ಟು ಹೇಳಬೇಕು.

ಮುಳುಗುವ ಮಗು ಕೂಗುವುದಿಲ್ಲ. ಉಸಿರಿಗೇ ಒದ್ದಾಡುವಾಗ ಕೂಗಲು ಗಾಳಿ ಎಲ್ಲಿಂದ ಬರಬೇಕು? ಹಾಗಾಗಿ ಸದ್ದನ್ನು ನಂಬಬೇಡಿ. ಮಗು ಕೈಗೆಟುಕುವಷ್ಟು ಹತ್ತಿರವೇ ಇರಬೇಕು. ತೋಳಿಗೆ ಕಟ್ಟುವ ಗಾಳಿ ಚೀಲ, ಬಾತುಕೋಳಿ ಟ್ಯೂಬು ಇವು ಆಟದ ಸಾಮಾನು, ಜೀವ ಉಳಿಸುವ ಸಾಧನವಲ್ಲ. ಅಲೆ ಬರುವ ವೇವ್ ಪೂಲ್‌ನಲ್ಲಿ ದಡದ ಪಾದ ಮುಳುಗುವ ನೀರೇ ಮಕ್ಕಳಿಗೆ ಸಾಕು. ಅಲೆ ಶುರುವಾಗುವ ಮುಂಚೆ ಎತ್ತಿಕೊಳ್ಳಿ. ತುಟಿ ನೀಲಿಯಾದರೆ, ಮೈ ನಡುಗಿದರೆ ಆಟ ಮುಗಿಯಿತು. ಮಗು ಬೇಡ ಎಂದು ಹಟ ಮಾಡಿದರೂ ಒರೆಸಿ, ಒಣ ಬಟ್ಟೆ ಹಾಕಿ.

7. ಹೊರಡುವುದು, ಉಳಿಯುವುದು

ಮುಚ್ಚುವ ಹೊತ್ತಿನವರೆಗೆ ಇರಬೇಡಿ. ಎಲ್ಲರೂ ಒಟ್ಟಿಗೆ ಬಟ್ಟೆ ಬದಲಿಸುವ ಕೋಣೆಗೆ ನುಗ್ಗುತ್ತಾರೆ, ಒಟ್ಟಿಗೆ ಪಾರ್ಕಿಂಗ್‌ನಿಂದ ಹೊರಡುತ್ತಾರೆ. ಒಂದು ಗಂಟೆ ಮೊದಲೇ ಹೊರಟರೆ ಕೆಂಗೇರಿಯ ಸಂಜೆ ಟ್ರಾಫಿಕ್‌ಗೂ ಕೊಂಚ ಮುಂದಿರುತ್ತೀರಿ. ಹುಬ್ಬಳ್ಳಿ, ಮಂಗಳೂರು ಕಡೆಯಿಂದ ಬಂದವರು ರಾತ್ರಿಯೇ ವಾಪಸ್ ಹೊರಡುವ ಸಾಹಸ ಮಾಡದೆ ಆಸುಪಾಸಿನಲ್ಲಿ ಉಳಿಯುವುದು ಒಳ್ಳೆಯದು. ಪಾರ್ಕಿನದ್ದೇ ರೆಸಾರ್ಟ್ ಪಕ್ಕದಲ್ಲಿದೆ. ಜೇಬಿಗೆ ಭಾರ ಎನಿಸಿದರೆ ಬಿಡದಿ, ರಾಮನಗರದಲ್ಲಿ ಲಾಡ್ಜ್‌ಗಳಿವೆ.

ಮಾರನೆಯ ದಿನ ಇನ್ನೊಂದು ಪಾರ್ಕ್ ಬೇಡವೇ ಬೇಡ. ರಾಮನಗರದ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಮಕ್ಕಳು ಓಡಾಡಲು ಬಯಲಿದೆ, ಮರಗಳಿವೆ. ಮುಂದೆ ಚನ್ನಪಟ್ಟಣ. ಅಂಗಡಿಯಲ್ಲಿ ಬೊಂಬೆ ಕೊಂಡು ಬರುವುದಕ್ಕಿಂತ ಕಾರ್ಖಾನೆ ಎಲ್ಲಿದೆ ಎಂದು ಕೇಳಿ ಹೋಗಿ. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ತಾಗಿಸಿದ ಕೂಡಲೇ ಬಣ್ಣ ಹತ್ತುವುದನ್ನು ನೋಡಲು ಮಕ್ಕಳು ಬಾಯಿಬಿಟ್ಟು ನಿಲ್ಲುತ್ತಾರೆ. ಕೊಳ್ಳುವಾಗ ಮೂರು ವರ್ಷದೊಳಗಿನವರಿಗೆ ಬಿಡಿ ಮಣಿ, ಕಳಚುವ ಗುಂಡು ಇರುವುದು ಬೇಡ. ಒಂದೇ ತುಂಡಿನ ಗಿಲಕಿ ಅಥವಾ ಎಳೆಯುವ ಗಾಡಿ ತೆಗೆದುಕೊಳ್ಳಿ.