ದತ್ತು ಶಿಬಿರಕ್ಕೆ ದಿನ ಗೊತ್ತುಮಾಡುವ ಮುನ್ನ ಮರಿಗಳ ಲೆಕ್ಕ ಹಾಕಿ

ಬೀದಿಯಿಂದ ಎತ್ತಿ ತಂದ ನಾಯಿ, ಬೆಕ್ಕುಗಳಿಗೆ ಮನೆ ಹುಡುಕುವ ಚಿಕ್ಕಪುಟ್ಟ ತಂಡಗಳು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಇತರ ಊರುಗಳಲ್ಲೂ ಹುಟ್ಟಿಕೊಂಡಿವೆ. ನಾಲ್ಕಾರು ಸ್ವಯಂಸೇವಕರು, ಕರೆದಾಗ ಬರುವ ಒಬ್ಬ ಪಶುವೈದ್ಯರು, ಒಂದು ವಾಟ್ಸ್‌ಆ್ಯಪ್ ಗುಂಪು. ಬಹುತೇಕ ತಂಡಗಳ ಬಂಡವಾಳ ಇಷ್ಟೇ. ಹಬ್ಬ ಬಂತೆಂದರೆ ಇವರಿಗೂ ‘ದತ್ತು ಮೇಳ’ದ ಹುರುಪು ಏರುತ್ತದೆ. ಬಟ್ಟೆ ಅಂಗಡಿಯವರು ಯುಗಾದಿ, ದೀಪಾವಳಿಗೆ ರಿಯಾಯಿತಿ ಹಾಕುವುದು ಆಗ ಜನರ ಕೈಯಲ್ಲಿ ದುಡ್ಡು ಓಡಾಡುತ್ತದೆಂದು. ನಾಯಿಮರಿಗೆ ಬೇಕಾದದ್ದು ದುಡ್ಡು ಓಡಾಡುವ ಮನೆಯಲ್ಲ, ಜನ ಓಡಾಡದೆ ನಿಂತಲ್ಲಿ ನಿಂತಿರುವ ಮನೆ. ಹಬ್ಬದ ಹೊತ್ತಿನಲ್ಲಿ ಅಂಥ ಮನೆ ಸಿಗುವುದು ಕಷ್ಟ.

ಹಾಗಾದರೆ ವರ್ಷದ ಪ್ರಚಾರವನ್ನು ಹೇಗೆ ಹೊಂದಿಸುವುದು?

ಮೊದಲ ಹಂತ: ಮರಿಗಳ ಲೆಕ್ಕ

ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಆದ್ದರಿಂದ ನವೆಂಬರ್‌ನಿಂದ ಜನವರಿವರೆಗೆ ಮೋರಿಯ ಪಕ್ಕ, ಮರಳ ರಾಶಿಯ ಮೇಲೆ, ನಿಂತ ಲಾರಿಯ ಕೆಳಗೆ ಎಲ್ಲೆಲ್ಲೂ ಮರಿಗಳು. ಎಂಟು ವಾರ ತುಂಬುವವರೆಗೆ ಅವನ್ನು ತಾಯಿಯಿಂದ ಬೇರ್ಪಡಿಸಬಾರದು. ಮೊದಲ ಲಸಿಕೆ ಬೀಳುವುದು ಆರರಿಂದ ಎಂಟನೆಯ ವಾರದಲ್ಲಿ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಾದ ಮೇಲೆ.

ಇಷ್ಟನ್ನು ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಉತ್ತರ ತಾನಾಗಿಯೇ ಬರುತ್ತದೆ. ದೊಡ್ಡ ದತ್ತು ಶಿಬಿರಗಳಿಗೆ ಸರಿಯಾದ ಕಾಲ ಸಂಕ್ರಾಂತಿ ಕಳೆದ ಮೇಲಿನ ಭಾನುವಾರಗಳಿಂದ ಫೆಬ್ರುವರಿ ಕೊನೆಯವರೆಗೆ. ಮಾರ್ಚ್ ಹತ್ತಿರವಾದರೆ ಪಿಯುಸಿ, ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯಲ್ಲಿ ಟಿ.ವಿ.ಯನ್ನೇ ಹಾಕುವುದಿಲ್ಲ, ರಾತ್ರಿಯಿಡೀ ಕುಂಯ್‌ಗುಡುವ ಮರಿಯನ್ನು ಯಾರು ಕರೆತಂದಾರು? ಬೆಕ್ಕಿಗೆ ಇಂಥ ಶಿಸ್ತಿಲ್ಲ. ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಬಲ್ಲ ಪ್ರಾಣಿ ಅದು. ಬೆಕ್ಕುಗಳಿಗೆ ಬೇರೆ ಶಿಬಿರ ಬೇಡ, ವರ್ಷವಿಡೀ ಸಣ್ಣದಾಗಿ ಹುಡುಕುತ್ತಲೇ ಇರಬೇಕು.

ಎರಡನೆಯ ಹಂತ: ಉಳಿದ ತಿಂಗಳುಗಳಿಗೆ ಬೇರೆ ಕೆಲಸ

ಪ್ರಚಾರವೆಂದರೆ ‘ಮರಿ ಕೊಂಡೊಯ್ಯಿರಿ’ ಎಂಬುದೊಂದೇ ಅಲ್ಲ. ತಂಡಕ್ಕೆ ತಾತ್ಕಾಲಿಕ ಆಸರೆಯ ಮನೆಗಳು ಬೇಕು, ಹಣ ಬೇಕು, ಸಂತಾನಹರಣ ಚಿಕಿತ್ಸೆ ಸಮಯಕ್ಕೆ ಸರಿಯಾಗಿ ಆಗಬೇಕು. ಒಂದೊಂದಕ್ಕೂ ಅದರದೇ ಕಾಲವಿದೆ.

ಡಿಸೆಂಬರ್‌ನಲ್ಲಿ ಕೇಳಬೇಕಾದದ್ದು ಆಸರೆ. ಮಾರ್ಗಶಿರದ ಹುಣ್ಣಿಮೆಗೆ ದತ್ತ ಜಯಂತಿ. ದತ್ತಾತ್ರೇಯನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳಿರುವುದನ್ನು ನೋಡದವರಿಲ್ಲ, ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಮರಿಗಳು ಚಳಿಯಲ್ಲಿ ನಡುಗುವುದೂ ಅದೇ ವಾರಗಳಲ್ಲಿ. ‘ಆರು ವಾರ ಜಾಗ ಕೊಡಿ, ಆಹಾರ ಮತ್ತು ಔಷಧ ನಮ್ಮದು’ ಎಂಬ ಮನವಿಗೆ ಇದಕ್ಕಿಂತ ಒಳ್ಳೆಯ ದಿನ ನನಗೆ ತೋಚುವುದಿಲ್ಲ. ಅವಧಿಯನ್ನು ಮಾತ್ರ ಖಚಿತವಾಗಿ ಹೇಳಿ. ಕೊನೆಯ ದಿನ ಯಾವುದೆಂದು ತಿಳಿಯದ ಉಪಕಾರಕ್ಕೆ ಜನ ಹೆದರುತ್ತಾರೆ.

ಮಾರ್ಚ್ ಹಣ ಕೇಳುವ ತಿಂಗಳು. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವಂಥ ನೋಂದಣಿ ನಿಮ್ಮ ಸಂಸ್ಥೆಗಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರು 31ರೊಳಗೆ ರಸೀದಿ ಬಯಸುತ್ತಾರೆ. ಮೊದಲ ವಾರವೇ ಪತ್ರ ಹೋಗಲಿ.

ಏಪ್ರಿಲ್, ಮೇ ಬಂದರೆ ಎಚ್ಚರ. ‘ಮಕ್ಕಳಿಗೆ ರಜೆ, ಒಂದು ಮರಿ ಕೊಡಿ’ ಎಂಬ ಫೋನುಗಳು ಬರುವುದು ಆಗಲೇ. ಬಾಡಿಗೆ ಮನೆ ಬದಲಿಸುವವರು ಸಾಕಿದ ನಾಯಿಯನ್ನು ಹಳೆಯ ಬೀದಿಯಲ್ಲೇ ಬಿಟ್ಟು ಹೋಗುವುದೂ ಆಗಲೇ. ಕೇಳಿದವರಿಗೆ ಇಲ್ಲವೆನ್ನಬೇಡಿ, ಹೆಸರು ಬರೆದುಕೊಳ್ಳಿ. ಶಾಲೆ ಶುರುವಾಗಿ, ಜೂನ್ ಎರಡನೆಯ ವಾರದಲ್ಲಿ ನೀವೇ ಫೋನ್ ಮಾಡಿ. ಆಸೆ ಆಗಲೂ ಉಳಿದಿದ್ದರೆ ಮನೆ ನೋಡಲು ಹೊರಡಬಹುದು. ಬೇಸಿಗೆಯ ಪ್ರಚಾರವೆಲ್ಲ ‘ಊರಿಗೆ ಹೋಗುವ ಮುನ್ನ ನಾಯಿಯನ್ನು ಯಾರಿಗೆ ಒಪ್ಪಿಸುತ್ತೀರಿ?’ ಎಂಬ ಒಂದೇ ಪ್ರಶ್ನೆಯ ಸುತ್ತ ಇರಲಿ.

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಜನ ಮನೆಯಲ್ಲೇ ಸಿಗುತ್ತಾರೆ. ಫೆಬ್ರುವರಿಯಲ್ಲಿ ಎರಡು ತಿಂಗಳ ಕೂಸಾಗಿದ್ದ ಮರಿಗೆ ಈಗ ಏಳೆಂಟು ತಿಂಗಳು, ಸಂತಾನಹರಣಕ್ಕೆ ತಕ್ಕ ವಯಸ್ಸು. ಬೀದಿಯಲ್ಲಿ ಮುಂದಿನ ಬೆದೆಗಾಲ ಶುರುವಾಗುವ ಮೊದಲು, ಅಂದರೆ ಆಗಸ್ಟ್ ಒಳಗೆ, ಈ ಕೆಲಸ ಮುಗಿಯಬೇಕು. ಅಂಗಡಿಗಳ ಆಷಾಢ ರಿಯಾಯಿತಿಯನ್ನು ನಾವು ಅನುಕರಿಸಬಹುದಾದ ಒಂದೇ ಕಡೆ ಇದು: ಪಶುವೈದ್ಯರನ್ನು ಒಪ್ಪಿಸಿ, ದತ್ತು ಪಡೆದವರಿಗೆ ಶಸ್ತ್ರಚಿಕಿತ್ಸೆಯ ಶುಲ್ಕದಲ್ಲಿ ಕಡಿತ ಕೊಡಿಸಿ. ಮರಿಗಳ ಮೇಲೆ ಮಾತ್ರ ‘ವಿಶೇಷ ಕೊಡುಗೆ’ ಎಂಬ ಫಲಕ ಬೇಡವೇ ಬೇಡ.

ಶ್ರಾವಣದಲ್ಲಿ, ಮರಿಗಳ ಗದ್ದಲವಿಲ್ಲದ ಹೊತ್ತಿನಲ್ಲಿ, ಬೆಳೆದ ನಾಯಿಗಳನ್ನು ಮುಂದಕ್ಕೆ ತನ್ನಿ. ಪಕ್ಷಮಾಸದಲ್ಲಿ ಹೊಸದೇನನ್ನೂ ಮನೆಗೆ ತರದವರೂ ಹಿರಿಯರ ಹೆಸರಿನಲ್ಲಿ ಅನ್ನದಾನಕ್ಕೆ ಕೈಯೆತ್ತಿ ಕೊಡುತ್ತಾರೆ. ಅಕ್ಕಿ ಮೂಟೆ ಕೇಳಿ, ಎಡೆಯ ಅಡುಗೆ ಬೇಡ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ದತ್ತು ಹೋದ ನಾಯಿಗಳೆಲ್ಲ ಒಂದೆಡೆ ಸೇರಿ ಲಸಿಕೆ ಹಾಕಿಸಿಕೊಳ್ಳುವ ದಿನವನ್ನಾಗಿ ಮಾಡಿದರೆ ಅದೇ ಒಳ್ಳೆಯ ಜಾಹೀರಾತು.

ದೀಪಾವಳಿಗೆ ಹಿಂದುಮುಂದಿನ ಹದಿನೈದು ದಿನ ಯಾವ ನಾಯಿಯನ್ನೂ ಕೊಡಬೇಡಿ. ಹೊಸ ಮನೆಗೆ ಬಂದ ನಾಯಿ ಮೊದಲ ಪಟಾಕಿಗೇ ಗೇಟು ಹಾರಿದರೆ ವಾಪಸು ಬರುವ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಆಗ ಹಂಚಬೇಕಾದದ್ದು ಫೋನ್ ನಂಬರ್ ಕೆತ್ತಿದ ಕೊರಳಬಿಲ್ಲೆ.

ಮೂರನೆಯ ಹಂತ: ಚಿತ್ರ, ನಾಲ್ಕು ಸಾಲು

ಕಪ್ಪು ಮರಿ ಕೊನೆಗೆ ಉಳಿಯುತ್ತದೆ. ಕಾರಣ ಅರ್ಧ ಮೂಢನಂಬಿಕೆ, ಇನ್ನರ್ಧ ಕೆಟ್ಟ ಚಿತ್ರ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ನಿಂತುಕೊಂಡು ತೆಗೆದ ಮೊಬೈಲ್ ಚಿತ್ರದಲ್ಲಿ ಅದು ಎರಡು ಕಣ್ಣಿರುವ ಮಸಿ ಚೂರು. ಬೆಳಗಿನ ಎಂಟು ಗಂಟೆಯ ಬೆಳಕಿನಲ್ಲಿ, ಜಗಲಿಯ ಕೆಂಪು ನೆಲದ ಮೇಲೆ ಕೂರಿಸಿ, ನೀವೂ ಮಂಡಿಯೂರಿ ಅದರ ಕಣ್ಣಿನ ಮಟ್ಟಕ್ಕೆ ಬನ್ನಿ. ಹುಬ್ಬಿನ ಮೇಲಿನ ಕಂದು ಚುಕ್ಕೆ, ಒಂದು ಮಡಚಿದ ಕಿವಿ ಆಗಷ್ಟೇ ಕಾಣುತ್ತವೆ.

‘ಮುದ್ದಾದ ಮರಿ, ದಯವಿಟ್ಟು ಶೇರ್ ಮಾಡಿ’ ಎಂದು ಬರೆದರೆ ಶೇರ್ ಆಗುತ್ತದೆ, ಮನೆ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಹೆಣ್ಣು, ಒಂಬತ್ತು ವಾರ, ಒಂದು ಲಸಿಕೆ ಆಗಿದೆ. ಅನ್ನ ಮೊಸರು ತಿನ್ನುತ್ತಾಳೆ, ಮೆಟ್ಟಿಲಿಗೆ ಹೆದರುತ್ತಾಳೆ. ಒಬ್ಬಳೇ ಬಿಟ್ಟರೆ ಅಳುತ್ತಾಳೆ, ಹಗಲಿಡೀ ಬೀಗ ಹಾಕುವ ಮನೆಗೆ ಕೊಡುವುದಿಲ್ಲ.’ ಕೊನೆಯ ವಾಕ್ಯ ಅರ್ಧ ಫೋನುಗಳನ್ನು ಕಡಿಮೆ ಮಾಡುತ್ತದೆ. ಕಡಿಮೆಯಾಗಬೇಕಾದವೇ ಅವು.

ನಾಲ್ಕನೆಯ ಹಂತ: ಶಿಬಿರದ ದಿನ

ಉದ್ಯಾನದ ಹುಲ್ಲುಹಾಸು ಚಿತ್ರಕ್ಕೆ ಚೆಂದ, ಮರಿಗೆ ಅಪಾಯ. ಮರಿಗಳಿಗೆ ಜೀವಕ್ಕೇ ಎರವಾಗುವ ವಾಂತಿಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಒಂದೇ ಲಸಿಕೆ ಬಿದ್ದ ಮರಿಗೆ ಪೂರ್ಣ ರಕ್ಷಣೆಯಿಲ್ಲ. ಶಾಲೆಯ ಜಗಲಿಯೋ ಸಮುದಾಯ ಭವನವೋ ಸಿಕ್ಕರೆ ಹಿಂದಿನ ದಿನವೇ ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ನೆಲ ಒರೆಸಿ, ಒಣಗಲು ಬಿಡಿ. ಒಂದು ತಾಯಿಯ ಮರಿಗಳಿಗೆ ಒಂದು ಗೂಡು. ಬೇರೆ ಗುಂಪಿನೊಂದಿಗೆ ಬೆರೆಸಬಾರದು. ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ನೋಡಲು ಬಂದವರು ಸೋಪು ಹಾಕಿ ಕೈ ತೊಳೆಯಲಿ. ಮಧ್ಯಾಹ್ನ ಒಂದಕ್ಕೆ ಮುಗಿಸಿ. ಆಮೇಲೆ ಮರಿಗಳೂ ಸ್ವಯಂಸೇವಕರೂ ಸಿಡುಕುತ್ತಾರೆ.

ಅರ್ಜಿಯಲ್ಲಿ ಎರಡು ಪ್ರಶ್ನೆಗಳು ಮುಖ್ಯ. ಮನೆ ಬಾಡಿಗೆಯದೇ, ಹಾಗಿದ್ದರೆ ಮಾಲೀಕರ ಫೋನ್ ನಂಬರ್ ಏನು? ಎಲ್ಲರೂ ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ದತ್ತು ಪಡೆದ ಬೀದಿನಾಯಿ ಮತ್ತೆ ಬೀದಿ ಸೇರದಂತೆ ನೋಡಿಕೊಳ್ಳುವುದು ಪಡೆದವರದೇ ಹೊಣೆಯೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಇದನ್ನು ಒಪ್ಪಿಗೆ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಓದಿ ಹೇಳಿ. ಮನೆ ನೋಡದೆ ಅಂದೇ ಮರಿಯನ್ನು ಕೈಗಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಎರಡು ದಿನ ಕಾಯಲಾರದವರು ಹತ್ತು ಹನ್ನೆರಡು ವರ್ಷ ಸಾಕುವುದು ಅನುಮಾನ.

ಐದನೆಯ ಹಂತ: ಆಮೇಲಿನ ಫೋನ್

ಮೂರನೆಯ ದಿನ, ಮೂರನೆಯ ವಾರ, ಮೂರನೆಯ ತಿಂಗಳು ಫೋನ್ ಮಾಡಿ. ಮೂರನೆಯ ದಿನದ ದೂರು ನಿದ್ದೆಯದು, ಮೂರನೆಯ ವಾರದ್ದು ಚಪ್ಪಲಿಯದು, ಇವೆರಡಕ್ಕೂ ಪರಿಹಾರವಿದೆ. ‘ಮನೆ ಮಾಲೀಕರು ಒಪ್ಪುತ್ತಿಲ್ಲ’ ಎಂದರೆ ವಾದ ಮಾಡದೆ ಮರಿಯನ್ನು ವಾಪಸು ತಂದುಬಿಡಿ. ಬೈಸಿಕೊಂಡವರು ಮುಂದಿನ ಸಲ ನಿಮಗೆ ಹೇಳದೆಯೇ ರಿಂಗ್ ರಸ್ತೆಯಲ್ಲಿ ಬಿಟ್ಟು ಬರುತ್ತಾರೆ. ಯಾವ ಮನೆ, ಯಾವ ತಿಂಗಳು, ಏಕೆ ಹಿಂದಿರುಗಿತು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ವರ್ಷದ ಕ್ಯಾಲೆಂಡರ್‌ಗೆ ಗುರುತು ಹಾಕಲು ಕೂರುವಾಗ ಆ ನೋಟ್‌ಬುಕ್ ಪಕ್ಕದಲ್ಲಿರಬೇಕು.