ಉದ್ಯೋಗ ಕಚೇರಿಯ ಸ್ಥಳೀಯ ಸಲಹಾ ಸಮಿತಿಯನ್ನು ಉಪಯುಕ್ತವಾಗಿ ನಡೆಸುವ ಬಗೆ

ಉದ್ಯೋಗ ಕಚೇರಿಗೆ ಬಂದ ಖಾಲಿ ಹುದ್ದೆಯೊಂದು ತಿಂಗಳುಗಟ್ಟಲೆ ಭರ್ತಿಯಾಗದೆ ಉಳಿದಾಗ, ಉಳಿದಿದೆ ಎಂಬುದನ್ನು ಕಡತ ಹೇಳುತ್ತದೆಯೇ ಹೊರತು ಏಕೆ ಉಳಿದಿದೆ ಎಂಬುದನ್ನು ಹೇಳುವುದಿಲ್ಲ. ಆ ಕಾರಣ ಗೊತ್ತಿರುವುದು ಮಾಲೀಕರಿಗೆ ಮತ್ತು ಕಾರ್ಮಿಕರಿಗೆ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಲೆಂದೇ ಸ್ಥಳೀಯ ಸಲಹಾ ಸಮಿತಿ ಇರುವುದು.

ರಚನೆಯ ವಿಷಯದಲ್ಲಿ ಉದ್ಯೋಗ ಸೇವೆಯನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 88ನೆಯ ಒಡಂಬಡಿಕೆ (1948) ಸ್ಪಷ್ಟವಾಗಿದೆ. ರಾಷ್ಟ್ರೀಯ ಮಟ್ಟದಲ್ಲಿ ಸಲಹಾ ಸಮಿತಿ ಇರಬೇಕು, ಅಗತ್ಯವಿದ್ದಲ್ಲಿ ಪ್ರಾದೇಶಿಕ ಮತ್ತು ಸ್ಥಳೀಯ ಸಮಿತಿಗಳೂ ಇರಬೇಕು. ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ಪ್ರಾತಿನಿಧಿಕ ಸಂಘಟನೆಗಳಿರುವ ಕಡೆ ಅವುಗಳೊಡನೆ ಸಮಾಲೋಚಿಸಿಯೇ ನೇಮಕ ಮಾಡಬೇಕು ಎನ್ನುತ್ತದೆ ಅದರ 4ನೆಯ ವಿಧಿ. ಆದ್ದರಿಂದ ಅಧಿಕಾರಿಯು ತನಗೆ ಪರಿಚಿತರಾದವರ ಪಟ್ಟಿಯನ್ನು ತಾನೇ ಸಿದ್ಧಪಡಿಸದೆ, ಸಂಘಗಳಿಗೆ ಪತ್ರ ಬರೆದು ಹೆಸರು ಕೇಳಬೇಕು. ದೊಡ್ಡ ಕಾರ್ಖಾನೆಗಳವರಷ್ಟೇ ತುಂಬಿಕೊಂಡರೆ ಸಣ್ಣ ಉದ್ದಿಮೆಗಳ ಮಾತು ಸಭೆಗೆ ಬಾರದು.

ಸಭೆಯ ಯಶಸ್ಸು ನಿರ್ಧಾರವಾಗುವುದು ಸಭೆಗೆ ಮೊದಲೇ. ಒಟ್ಟು ನೋಂದಣಿಯ ಅಂಕಿಅಂಶಗಳನ್ನು ಓದಿ ಹೇಳಿದರೆ ಸದಸ್ಯರು ತಲೆಯಾಡಿಸಿ ಎದ್ದು ಹೋಗುತ್ತಾರೆ. ಅದರ ಬದಲು, ಭರ್ತಿಯಾಗದ ಹತ್ತು ಹುದ್ದೆಗಳ ವಿವರವನ್ನು, ಅಂದರೆ ಕೇಳಿದ ಅರ್ಹತೆ, ವೇತನ, ಕೆಲಸದ ವೇಳೆ, ಕಳುಹಿಸಿದ ಅಭ್ಯರ್ಥಿಗಳ ಸಂಖ್ಯೆ, ಅವರು ತಿರಸ್ಕೃತರಾದ ಕಾರಣ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು, ಅಭ್ಯರ್ಥಿಗಳ ಹೆಸರುಗಳನ್ನು ತೆಗೆದು, ವಾರ ಮುಂಚಿತವಾಗಿ ಕಳುಹಿಸಿರಿ. ಉದಾಹರಣೆಗೆ, ವೆಲ್ಡರ್ ಹುದ್ದೆಯೊಂದಕ್ಕೆ ಆರು ಜನರನ್ನು ಕಳುಹಿಸಿದರೂ ಯಾರೂ ನಿಲ್ಲಲಿಲ್ಲ ಎಂದುಕೊಳ್ಳೋಣ. ಕಡತದಲ್ಲಿ “ಅಭ್ಯರ್ಥಿಗೆ ಆಸಕ್ತಿಯಿಲ್ಲ” ಎಂದಷ್ಟೇ ಇರುತ್ತದೆ. ಎರಡನೆಯ ಪಾಳಿ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ ಎಂದು ಕಾರ್ಮಿಕ ಪ್ರತಿನಿಧಿ ಹೇಳಿದರೆ, ಪಾಳಿಯನ್ನು ಅರ್ಧ ಗಂಟೆ ಮೊದಲೇ ಮುಗಿಸಬಹುದೇ ಎಂದು ಮಾಲೀಕರ ಪ್ರತಿನಿಧಿಯನ್ನು ಅಲ್ಲಿಯೇ ಕೇಳಬಹುದು. ಇಂಥ ಒಂದು ಮಾತು ಇಡೀ ವರ್ಷದ ಅಂಕಿಅಂಶಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಅಭ್ಯರ್ಥಿಗಳನ್ನು ಕೆಲಸಕ್ಕೆ ಕಳುಹಿಸುವ ಸಾಮಾನ್ಯ ನೀತಿಯನ್ನು ಸಲಹಾ ಸಮಿತಿಗಳ ಮೂಲಕ ಸಮಾಲೋಚಿಸಿ ರೂಪಿಸಬೇಕೆಂದು 5ನೆಯ ವಿಧಿ ಹೇಳುತ್ತದೆ. ನೀತಿ ಎಂಬ ಪದವನ್ನು ಇಲ್ಲಿ ಗಮನಿಸಬೇಕು. ಇಂಥವರನ್ನೇ ಕಳುಹಿಸಿ ಎಂದು ಹೆಸರು ಸೂಚಿಸುವುದು ಸಮಿತಿಯ ಕೆಲಸವಲ್ಲ. ಕಚೇರಿಯ ಸಿಬ್ಬಂದಿ ಅನುಚಿತವಾದ ಹೊರಗಿನ ಪ್ರಭಾವಕ್ಕೆ ಒಳಗಾಗದಂತಿರಬೇಕು ಎಂಬುದೂ ಅದೇ ಒಡಂಬಡಿಕೆಯ ನಿಯಮ. ಶಿಫಾರಸಿನ ಚೀಟಿ ಒಮ್ಮೆ ಒಳಗೆ ಬಂದರೆ, ಸರದಿಯಲ್ಲಿ ಕಾದು ನಿಂತವರು ಕಚೇರಿಯನ್ನು ಮತ್ತೆ ನಂಬುವುದಿಲ್ಲ. ಈ ಗಡಿಯನ್ನು ಮೊದಲ ಸಭೆಯ ನಡಾವಳಿಯಲ್ಲೇ ದಾಖಲಿಸಿರಿ.

ಸಮಿತಿಯದು ಸಲಹೆಯಷ್ಟೇ, ಆದೇಶವಲ್ಲ. ಆದರೂ ಪ್ರತಿಯೊಂದು ಸಲಹೆಗೂ ಲಿಖಿತ ಉತ್ತರ ಹೋಗಲೇಬೇಕು: ಒಪ್ಪಿದ್ದರೆ ಯಾರು, ಎಂದಿನೊಳಗೆ ಮಾಡುತ್ತಾರೆ, ಒಪ್ಪದಿದ್ದರೆ ಏಕೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಆ ಉತ್ತರಗಳಂತೆ ಏನೇನು ನಡೆಯಿತು ಎಂಬ ಅನುಪಾಲನಾ ವರದಿಯೇ ಮೊದಲ ವಿಷಯವಾಗಿರಲಿ, ಅದೇ ಹತ್ತು ಹುದ್ದೆಗಳ ಹಾಳೆಯನ್ನೂ ಜೊತೆಗಿಡಿ.