ಐದು ಕರಿ ಮನೆಗಳಲ್ಲಿ ‘ಭಾಗ್ಯದಾ ಲಕ್ಷ್ಮೀ ಬಾರಮ್ಮ’

ರಾಯಚೂರು, ಕೊಪ್ಪಳದ ಕಡೆ ಭಜನೆಯಲ್ಲಿ ಪೇಟಿ (ಹಾರ್ಮೋನಿಯಂ) ಹಿಡಿದವರಿಗೆ ‘ಕರಿ ಒಂದು’, ‘ಕರಿ ನಾಲ್ಕು’ ಎಂಬ ಲೆಕ್ಕ ಗೊತ್ತೇ ಇರುತ್ತದೆ: ಜೋಡಿ ಕರಿ ಮನೆಗಳು (ಕೀಗಳು) ಒಂದು, ಎರಡು; ಅದರ ಬಲಕ್ಕಿರುವ ಮೂರರ ಗುಂಪು ಮೂರು, ನಾಲ್ಕು, ಐದು. ಪಿಯಾನೊ ಕಲಿಯಲು ನಾನು ಹಿಡಿದದ್ದೂ ಅದೇ ಲೆಕ್ಕ. ಮೊದಲ ಹಾಡು ಪುರಂದರದಾಸರದು. ಧಾಟಿ ಬಾಯಲ್ಲಿ ಮೊದಲೇ ಕೂತಿರುತ್ತದೆ, ಮಧ್ಯಮಾವತಿ ರಾಗದಲ್ಲಿ ಹಾಡಿದರೆ ಸ ರಿ ಮ ಪ ನಿ ಐದೇ ಸ್ವರ ಸಾಕು. ಇದನ್ನು ಬೇರೆ ಧಾಟಿಯಲ್ಲೂ ಹಾಡುತ್ತಾರೆ, ಎರಡನ್ನೂ ಬೆರೆಸಬಾರದು.

ಕರಿ ನಾಲ್ಕನ್ನು ಷಡ್ಜ (ಸ) ಮಾಡಿಕೊಂಡರೆ ಐದು ಸ್ವರವೂ ಕರಿ ಮನೆಗಳ ಮೇಲೇ ಬೀಳುತ್ತವೆ: ರಿ ಕರಿ ಐದು, ಮ ಮುಂದಿನ ಕರಿ ಒಂದು, ಪ ಕರಿ ಎರಡು, ನಿ ಕರಿ ಮೂರು. ಬೆರಳು ಬಿಳಿ ಮನೆಗೆ ತಾಗಿದರೆ ತಪ್ಪು ಕಣ್ಣಿಗೇ ಕಾಣುತ್ತದೆ.

ಬಲಗೈ ಹೆಬ್ಬೆರಳು ಕೆಳಗಿನ ನಿ ಮೇಲೆ, ತೋರುಬೆರಳು ಸ, ನಡುಬೆರಳು ರಿ, ಉಂಗುರಬೆರಳು ಮ, ಕಿರುಬೆರಳು ಪ. ಎಡವುವುದು ರಿ-ಮ ನಡುವೆ, ಅಲ್ಲಿ ಎರಡು ಬಿಳಿ ಮನೆಗಳನ್ನು ದಾಟಬೇಕು. ‘ರಿ ಮ ರಿ’ ಒಂದನ್ನೇ ದಿನಾ 20 ಸಲ ನುಡಿಸಿದೆ. ಹೆಬ್ಬೆರಳು ಗಿಡ್ಡ, ಹಾಗಾಗಿ ಕೈಯನ್ನು ಸ್ವಲ್ಪ ಒಳಕ್ಕೆ ಸರಿಸಿ ಬೆರಳು ಚಾಚಿಯೇ ಇಡಬೇಕು, ಅಂಚಿನಲ್ಲಿಟ್ಟರೆ ಜಾರುತ್ತದೆ. ಮೇಲಿನ ನಿ, ಸ ಬಂದಾಗ ಹೆಬ್ಬೆರಳು ಮ ಮೇಲೆ ಕೂರುವಂತೆ ಇಡೀ ಕೈ ಎತ್ತಿಡಿ.

ಎಡಗೈಯೇ ಕಷ್ಟ. ಪೇಟಿಯಲ್ಲಿ ಅದರ ಕೆಲಸ ಗಾಳಿ ಹಾಕುವುದಷ್ಟೇ. ಕಲಿಯುವವರು ಬಹಳ ಮಂದಿ ಇಲ್ಲಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯಲು ಹೋಗುತ್ತಾರೆ, ಕೀಬೋರ್ಡಿನ ತಾಳದ ಗುಂಡಿಯನ್ನೂ ಒತ್ತುತ್ತಾರೆ. ಮೇಜರ್ ಆಗಲಿ ಮೈನರ್ ಆಗಲಿ, ಷಡ್ಜದ ಕಾರ್ಡಿನೊಳಗೆ ಒಂದು ಗಾಂಧಾರ (ಗ) ಇದ್ದೇ ಇರುತ್ತದೆ. ಮಧ್ಯಮಾವತಿಯಲ್ಲಿ ಗಾಂಧಾರವೇ ಇಲ್ಲ. ಆ ಒಂದು ಸ್ವರಕ್ಕೆ ರಾಗ ಕೆಡುತ್ತದೆ. ಎಡಗೈ ಕಿರುಬೆರಳಲ್ಲಿ ಸ, ಹೆಬ್ಬೆರಳಲ್ಲಿ ಪ, ಇಷ್ಟೇ ಸಾಕು. ತಂಬೂರಿಯ ಹಾಗೆ ಆದಿತಾಳದ ಎಂಟರಲ್ಲಿ ಒಂದನೇ ಮತ್ತು ಐದನೇ ಎಣಿಕೆಗೆ ಒತ್ತಿದೆ.

ಪೇಟಿಯ ಸ್ವರ ಗಾಳಿ ಇರುವತನಕ ನಿಲ್ಲುತ್ತದೆ, ಪಿಯಾನೊದ್ದು ಒತ್ತಿದ ಕ್ಷಣದಿಂದಲೇ ಇಳಿಯುತ್ತದೆ. ‘ಬಾರಮ್ಮಾ’ ಎಂದು ಎಳೆಯುವಲ್ಲಿ ಅದೇ ಸ್ವರವನ್ನು ಮೆಲ್ಲಗೆ ಇನ್ನೊಮ್ಮೆ ಮುಟ್ಟಬೇಕು, ಇಲ್ಲವೆ ಸ್ವರವನ್ನು ಉಳಿಸಿಡುವ ಕಾಲಿನ ಪೆಡಲ್ ಹಿಡಿಯಬೇಕು. ಈ ಐದರಲ್ಲಿ ಯಾವ ಎರಡೂ ಅಕ್ಕಪಕ್ಕದ ಮನೆಗಳಲ್ಲ, ಹಾಗಾಗಿ ಪೆಡಲಿನಲ್ಲಿ ಬೆರೆತರೂ ಅಷ್ಟು ಕರ್ಕಶವಾಗದು. ಆದರೂ ಪ್ರತಿ ಎಂಟಕ್ಕೊಮ್ಮೆ ಕಾಲೆತ್ತಿ. ರಿಷಭದ ಕಂಪನ ಪಿಯಾನೊದಲ್ಲಿ ಆಗದ ಮಾತು; ಸ ಅನ್ನು ಚಿಟಿಕೆಯಷ್ಟು ಮುಟ್ಟಿ ರಿಗೆ ಬಂದರೆ ಕಿವಿ ಒಪ್ಪುತ್ತದೆ.

ಪಲ್ಲವಿ ಒಂದನ್ನೇ ಬಲಗೈಯಲ್ಲಿ, ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಕೊಡುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬಾಯಲ್ಲಿ ಹಾಡುತ್ತಲೇ. ಮೂರು ಸಲ ತಪ್ಪಿಲ್ಲದೆ ಬಂದರೆ ಎಡಗೈ ಸೇರಿಸಿ, ಆಗ 50ಕ್ಕೆ ಇಳಿಸಬೇಕು. ಇಳಿಸದೆ ಹೋದರೆ ಎಡಗೈ ಬಲಗೈಯನ್ನು ಹಿಂಬಾಲಿಸಿ ತಾಳ ಬಿಡುತ್ತದೆ.

ಕರಿ ನಾಲ್ಕು ಹೆಚ್ಚಾಗಿ ಹೆಣ್ಣು ದನಿಯ ಶ್ರುತಿ. ಗಂಡಸರು ಕರಿ ಒಂದರಲ್ಲಿ ಹಾಡುವುದಾದರೆ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಅನ್ನು 5 ಮನೆ (ಬಿಳಿ, ಕರಿ ಎರಡೂ ಎಣಿಸಿ) ಮೇಲಕ್ಕೆ ಏರಿಸಿ. ಬೆರಳುಗಳು ಇದ್ದಲ್ಲೇ ಇರಲಿ.